ತಾಷ್ಕೆಂಟ್‌ನಲ್ಲಿ ಎರಡು ದಿನ, ಪ್ರವೇಶ ಶುಲ್ಕ ಸೊನ್ನೆ: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಉಜ್ಬೇಕಿಸ್ತಾನಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ತಾಷ್ಕೆಂಟನ್ನು ಬಸ್‌ಸ್ಟ್ಯಾಂಡಿನ ಹಾಗೆ ಬಳಸುತ್ತಾರೆ. ರಾತ್ರಿ ವಿಮಾನದಿಂದ ಇಳಿದು, ಹೋಟೆಲಿನಲ್ಲಿ ನಾಲ್ಕು ಗಂಟೆ ಮಲಗಿ, ಬೆಳಗಾಗುತ್ತಲೇ ಸಮರ್ಕಂದದ ರೈಲು ಹತ್ತಿಬಿಡುತ್ತಾರೆ. ನೀಲಿ ಗುಮ್ಮಟಗಳೆಲ್ಲ ಸಮರ್ಕಂದದಲ್ಲಿ, ಬುಖಾರಾದಲ್ಲಿ ಇರುವಾಗ ಇಲ್ಲೇನಿದೆ ಎನ್ನುವುದು ಅವರ ಲೆಕ್ಕ. ಆ ಲೆಕ್ಕ ಅರ್ಧ ಸರಿ. ತಾಷ್ಕೆಂಟ್‌ನಲ್ಲಿ ಹಳೆಯ ಕಟ್ಟಡಗಳು ಕಡಿಮೆ. 1966ರ ಏಪ್ರಿಲ್ 26ರ ನಸುಕಿನಲ್ಲಿ ಭೂಮಿ ನಡುಗಿ, ಸುಮಾರು ಮೂರು ಲಕ್ಷ ಜನ ಮನೆ ಕಳೆದುಕೊಂಡರು. ಆಮೇಲೆ ಸೋವಿಯತ್ ಒಕ್ಕೂಟದ ಎಲ್ಲ ಕಡೆಯಿಂದ ಕೆಲಸಗಾರರು ಬಂದು ಊರನ್ನು ಮತ್ತೆ ಕಟ್ಟಿದರು. ಅಗಲ ರಸ್ತೆ, ಚೌಕ, ಕಾರಂಜಿ, ನೆಲದಡಿಯ ರೈಲು ಎಲ್ಲ ಹಾಗೆ ಬಂದವು. ಹೀಗೆ ಕಟ್ಟಿದ್ದರಲ್ಲಿ ಬಹುಪಾಲಿಗೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಜೇಬು ಬಿಗಿ ಇರುವ ಪ್ರವಾಸಿಗೆ ಇದು ಅನುಕೂಲದ ಊರು.

ನಮಗೆ ತಾಷ್ಕೆಂಟ್ ಎಂಬ ಹೆಸರು ಬಂದದ್ದು ಶಾಲೆಯ ಸಮಾಜ ಪಾಠದಿಂದ. 1966ರ ಜನವರಿ 10ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಯೂಬ್ ಖಾನ್ ಇಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ರಾತ್ರಿ ಕಳೆದು 11ನೇ ತಾರೀಖಿನ ಬೆಳಕು ಹರಿಯುವ ಮೊದಲೇ ಶಾಸ್ತ್ರಿಯವರು ತೀರಿಕೊಂಡರು. ಭೂಕಂಪ ಆದದ್ದು ಅಲ್ಲಿಂದ ಮೂರೂವರೆ ತಿಂಗಳಿಗೆ. ಎಂದರೆ ಶಾಸ್ತ್ರಿಯವರು ಕಾರಿನ ಕಿಟಕಿಯಿಂದ ಕಂಡ ಊರು ಬೇರೆ, ನೀವು ಈಗ ಇಳಿಯುವ ಊರು ಬೇರೆ. ಈ ಎರಡು ತಾರೀಖು ನೆನಪಿದ್ದರೆ ಮುಂದಿನ ಎರಡು ದಿನ ಕಾಣುವ ಅರ್ಧದಷ್ಟು ಸಂಗತಿಗಳಿಗೆ ಕಾರಣ ತಾನಾಗಿಯೇ ಹೊಳೆಯುತ್ತದೆ.

ಹೊರಡುವ ಮೊದಲು

ತಿಂಗಳು ನೋಡಿಕೊಂಡು ಹೋಗಿ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯವು. ಜುಲೈಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ರಾಯಚೂರು, ಕಲಬುರಗಿಯವರಿಗೆ ಅದು ಹೊಸದಲ್ಲ, ಆದರೆ ಆ ಬಿಸಿಲಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಅವರಿಗೂ ಕಷ್ಟವೇ. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು.

ಭಾರತೀಯರಿಗೆ ಆನ್‌ಲೈನ್ ವೀಸಾ ಸಿಗುತ್ತದೆ. ಉಳಿದುಕೊಳ್ಳುವ ಹೋಟೆಲಿನವರು ನಿಮ್ಮ ಹೆಸರು ನೋಂದಾಯಿಸಬೇಕು, ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಪಾಸ್‌ಪೋರ್ಟಿನ ಪ್ರತಿಯೊಂದು ಜೇಬಿನಲ್ಲಿರಲಿ. ಮಸೀದಿಗಳಿಗೆ ಹೋಗುವುದರಿಂದ ಹೆಣ್ಣುಮಕ್ಕಳು ಒಂದು ದುಪಟ್ಟಾ ಇಟ್ಟುಕೊಳ್ಳಿ. ಗಂಡಸರು ಚಡ್ಡಿ ಹಾಕಿಕೊಂಡು ಹೊರಡಬೇಡಿ. ಸುಲಭವಾಗಿ ಬಿಚ್ಚಿ ಹಾಕುವ ಪಾದರಕ್ಷೆ ಇದ್ದರೆ ಒಳ್ಳೆಯದು. ಟ್ಯಾಕ್ಸಿಗೆ ಅಲ್ಲಿ ಎಲ್ಲರೂ ಬಳಸುವುದು ಯಾಂಡೆಕ್ಸ್ ಗೋ ಆಪ್. ಅದನ್ನು ಊರಿನಲ್ಲೇ ಹಾಕಿಕೊಂಡು ಹೋಗಿ.

ದುಡ್ಡಿನ ಹೆಸರು ಸೋಮ್. ಒಂದು ರೂಪಾಯಿಗೆ ನೂರಕ್ಕೂ ಹೆಚ್ಚು ಸೋಮ್ ಬರುವುದರಿಂದ ಮೊದಲ ದಿನ ಎಲ್ಲರೂ ಲಕ್ಷಾಧೀಶರೇ. ದೊಡ್ಡ ನೋಟುಗಳ ಜೊತೆ ಚಿಲ್ಲರೆಯನ್ನೂ ಇಟ್ಟುಕೊಳ್ಳಿ. ನೋಡುವುದೆಲ್ಲ ಪುಕ್ಕಟೆಯಾದರೂ ಸಾರ್ವಜನಿಕ ಶೌಚಾಲಯಕ್ಕೆ ಕಾಸು ಕೊಡಲೇಬೇಕು, ಬಾಗಿಲಲ್ಲಿ ಕೂತ ಅಜ್ಜಿ ದೊಡ್ಡ ನೋಟಿಗೆ ಮುಖ ಸಿಂಡರಿಸುತ್ತಾಳೆ. ನಲ್ಲಿ ನೀರು ಕುಡಿಯಬೇಡಿ, ಬಾಟಲಿ ನೀರು ಅಗ್ಗ.

ಕಲಿಯಬೇಕಾದ ಮೊದಲ ಪದ "ಬೆಪುಲ್". ಪುಲ್ ಎಂದರೆ ದುಡ್ಡು, ಬೆಪುಲ್ ಎಂದರೆ ದುಡ್ಡಿಲ್ಲದೆ, ಪುಕ್ಕಟೆ. ನಮ್ಮ "ಬೇಜವಾಬ್ದಾರಿ"ಯಲ್ಲಿರುವ "ಬೇ" ಇದೇ, ಪಾರ್ಸಿಯಿಂದ ಅಲ್ಲಿಗೂ ಹೋಗಿದೆ, ಇಲ್ಲಿಗೂ ಬಂದಿದೆ. ಹೀಗೆ ಕಿವಿಗೆ ಪರಿಚಯದ ಪದಗಳು ದಾರಿಯುದ್ದಕ್ಕೂ ಸಿಗುತ್ತವೆ. ಮೈದಾನ್ ನಮ್ಮ ಮೈದಾನವೇ, ಬೊಜೋರ್ ನಮ್ಮ ಬಜಾರು, ದೋಸ್ತ್ ಎಂದರೆ ದೋಸ್ತ. ಬೋಗ್ ಎಂದರೆ ಲಾಲ್‌ಬಾಗಿನ ಬಾಗ್. ಬೋದೊಮ್‌ಜೋರ್ ಎಂಬ ಮೆಟ್ರೋ ನಿಲ್ದಾಣದ ಹೆಸರಿಗೆ ಬಾದಾಮಿ ತೋಪು ಎಂದರ್ಥ. ತಾಷ್ಕೆಂಟ್ ಎಂಬುದನ್ನೇ ಬಿಡಿಸಿದರೆ ಕಲ್ಲಿನ ಊರು, ನಮ್ಮ ಕಡೆ ಹೇಳುವುದಾದರೆ ಕಲ್ಲೂರು. ಥ್ಯಾಂಕ್ಸ್ ಹೇಳಲು "ರಹ್ಮತ್", ಬೆಲೆ ಕೇಳಲು "ಕಂಚಾ?" ಸಾಕು.

ಇನ್ನು ಯೋಜನೆಯ ವಿಷಯ. ನೋಡಬೇಕಾದ ಜಾಗಗಳ ಪಟ್ಟಿ ಮಾಡಿ ಊರೆಲ್ಲ ಅಡ್ಡಾಡಬೇಡಿ. ತಾಷ್ಕೆಂಟ್ ಹರಡಿಕೊಂಡ ಊರು, ಎರಡು ಚೌಕಗಳ ನಡುವಿನ ರಸ್ತೆ ನಕ್ಷೆಯಲ್ಲಿ ಕಾಣುವುದಕ್ಕಿಂತ ಉದ್ದ. ಮೆಟ್ರೋ ಗೆರೆಗಳನ್ನು ಹಿಡಿದು ಸಾಗಿ. ಮೊದಲ ದಿನ ನೀಲಿ ಗೆರೆಯಲ್ಲಿ ಹಳೆಯ ಊರು, ಎರಡನೆಯ ದಿನ ಹಸಿರು ಗೆರೆಯಲ್ಲಿ ಉತ್ತರದಿಂದ ಶುರುಮಾಡಿ ನಡುವೂರಿಗೆ.

ಹಂತ 1: ಒಂದೇ ಟಿಕೆಟ್ಟಿನಲ್ಲಿ ಆರು ನಿಲ್ದಾಣ (ಮೊದಲ ದಿನ, ಬೆಳಿಗ್ಗೆ ಹತ್ತರ ನಂತರ)

ಪುಕ್ಕಟೆ ಎಂದು ಹೇಳಿ ಮೊದಲ ಹಂತದಲ್ಲೇ ಟಿಕೆಟ್ ಕೊಳ್ಳಿ ಎನ್ನುತ್ತಿದ್ದೇನೆ, ಕ್ಷಮಿಸಿ. ಆದರೆ ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಕಾಫಿಗೆ ಕೊಡುವಷ್ಟು ಕಾಸಿಗೆ ಈ ಊರಿನ ಅತ್ಯುತ್ತಮ ಮ್ಯೂಸಿಯಂ ನೋಡಬಹುದು. ಹೊರಗೆ ಬರದೆ ಒಳಗೇ ಇರುವವರೆಗೂ ಅದೇ ಟಿಕೆಟ್ಟಿನಲ್ಲಿ ಇಳಿಯಬಹುದು, ನೋಡಬಹುದು, ಮುಂದಿನ ರೈಲು ಹತ್ತಬಹುದು.

ತಾಷ್ಕೆಂಟ್ ಮೆಟ್ರೋ ಶುರುವಾದದ್ದು 1977ರ ನವೆಂಬರಿನಲ್ಲಿ, ಮಧ್ಯ ಏಷ್ಯಾದಲ್ಲೇ ಮೊದಲನೆಯದು. ಭೂಕಂಪದ ನೆನಪು ಹಸಿಯಾಗಿದ್ದಾಗ ಕಟ್ಟಿದ್ದರಿಂದ ನಡುಕ ತಡೆಯುವಂತೆ ಕಟ್ಟಿದ್ದಾರೆ. ಯುದ್ಧ ಬಂದರೆ ಜನ ಅಡಗಿಕೊಳ್ಳಲು ಇದೇ ಜಾಗ ಎಂದೂ ಎಣಿಸಿದ್ದರು. ಆ ಕಾರಣಕ್ಕೆ ಇದು ಸೇನೆಗೆ ಸೇರಿದ ಜಾಗದಂತಿದ್ದು, 2018ರವರೆಗೆ ಒಳಗೆ ಫೋಟೋ ತೆಗೆಯುವ ಹಾಗೇ ಇರಲಿಲ್ಲ. ಈಗ ತೆಗೆಯಬಹುದು. ಕೆಲಸಕ್ಕೆ ಓಡುವವರ ನೂಕುನುಗ್ಗಲು ಕಳೆದ ಮೇಲೆ ಹೋದರೆ ಕಂಬಗಳ ನಡುವೆ ನೀವೊಬ್ಬರೇ ನಿಂತಿರುವ ಕ್ಷಣಗಳೂ ಸಿಗುತ್ತವೆ. ಒಳಗೆ ಬರುವಾಗ ಚೀಲ ತೆರೆದು ತೋರಿಸಬೇಕಾಗಬಹುದು. ಪೊಲೀಸರ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ಕ್ರಮ ಹೀಗಿರಲಿ. ಕೆಂಪು ಗೆರೆಯ ಮುಸ್ತಕಿಲ್ಲಿಕ್ ಮೈದೋನಿಯಲ್ಲಿ ಒಳಹೊಕ್ಕು ಅಮೃತಶಿಲೆಯ ಕಂಬಗಳನ್ನೂ ತೂಗುದೀಪಗಳನ್ನೂ ನೋಡಿ. ಸೋವಿಯತ್ ಕಾಲದಲ್ಲಿ ಇದು ಲೆನಿನ್ ಚೌಕದ ನಿಲ್ದಾಣ. ಮುಂದಿನ ನಿಲ್ದಾಣ ಪಖ್ತಕೋರ್, ಎಂದರೆ ಹತ್ತಿ ಬೆಳೆಗಾರ. ಗೋಡೆಯ ಮೇಲೆ ಬಣ್ಣದ ಚೂರುಗಳಲ್ಲಿ ಹತ್ತಿಯ ಚಿತ್ತಾರ. ಅಲ್ಲಿಂದ ಒಳದಾರಿಯಲ್ಲೇ ನಡೆದರೆ ನೀಲಿ ಗೆರೆಯ ಅಲಿಶೇರ್ ನವೋಯಿ ನಿಲ್ದಾಣ. ಮಸೀದಿಯೊಳಗೆ ಬಂದೆವೇನೋ ಎನಿಸುವಂತೆ ಚಾವಣಿಯ ತುಂಬ ಗುಮ್ಮಟಗಳು, ಗೋಡೆಯಲ್ಲಿ ನವೋಯಿಯ ಕಾವ್ಯದ ದೃಶ್ಯಗಳು. ಈ ನವೋಯಿ (1441–1501) ಪಾರ್ಸಿಯೇ ದೊಡ್ಡದೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ತನ್ನ ತುರ್ಕಿ ನುಡಿ ಯಾವುದಕ್ಕೂ ಕಡಿಮೆಯಿಲ್ಲ ಎಂದು ಹಟ ಹಿಡಿದು ಬರೆದವನು. ಸಂಸ್ಕೃತದ ಪಕ್ಕದಲ್ಲಿ ಕನ್ನಡಕ್ಕೆ ಜಾಗ ಕೇಳಿದವರ ಕಥೆ ಗೊತ್ತಿರುವ ನಮಗೆ ಅವನು ಬೇಗ ಅರ್ಥವಾಗುತ್ತಾನೆ.

ರೈಲು ಹತ್ತಿ ಉಜ್ಬೆಕಿಸ್ತೋನ್ ನಿಲ್ದಾಣದಲ್ಲಿ ಇಳಿಯಿರಿ, ದೀಪಗಳು ಹತ್ತಿಯ ಕಾಯಿಯ ಆಕಾರದಲ್ಲಿವೆ. ಒಂದು ಸುತ್ತು ಹಾಕಿದರೆ ಸಾಕು. ಅದರ ಮುಂದಿನದು ಕೊಸ್ಮೊನಾವ್ಟ್‌ಲಾರ್, ಗಗನಯಾತ್ರಿಗಳು. ಇಲ್ಲಿ ಅವಸರ ಬೇಡ. ಗೋಡೆ ಕೆಳಗೆ ಕಡುನೀಲಿಯಿಂದ ಶುರುವಾಗಿ ಮೇಲೇರುತ್ತ ತಿಳಿಯಾಗುತ್ತದೆ. ನಡುನಡುವೆ ದೊಡ್ಡ ಪಿಂಗಾಣಿ ಬಿಲ್ಲೆಗಳಲ್ಲಿ ಯೂರಿ ಗಗಾರಿನ್, ವಲೆಂತಿನಾ ತೆರೆಷ್ಕೋವಾ, ಇವರ ಸಾಲಿನಲ್ಲೇ ಹದಿನೈದನೇ ಶತಮಾನದ ಖಗೋಳಜ್ಞ, ಸಮರ್ಕಂದದ ದೊರೆ ಉಲುಗ್ ಬೇಗ್. ಈ ನಿಲ್ದಾಣ ತೆರೆದದ್ದು 1984ರಲ್ಲಿ. ನಮ್ಮ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದದ್ದೂ ಅದೇ ವರ್ಷ. ಗೋಡೆಯ ಮೇಲೆ ಅವರನ್ನು ಹುಡುಕುತ್ತ ನಿಲ್ಲಬೇಡಿ, ಆದರೆ ಹುಡುಕುವ ಆಸೆಯಂತೂ ಆಗುತ್ತದೆ.

ಈಗ ಎದುರು ಪ್ಲಾಟ್‌ಫಾರ್ಮಿಗೆ ಬಂದು ಬಂದ ದಾರಿಯಲ್ಲೇ ಹಿಂದಕ್ಕೆ. ನವೋಯಿ ದಾಟಿ, ಗಫೂರ್ ಗುಲೋಮ್ ದಾಟಿ, ಚೋರ್ಸುವಿನಲ್ಲಿ ಹೊರಗೆ ಬನ್ನಿ. ಒಟ್ಟು ಒಂದೂಕಾಲು ಗಂಟೆ ಹಿಡಿಯುತ್ತದೆ.

ಹಂತ 2: ಚೋರ್ಸು ಬಜಾರು

ಮೆಟ್ಟಿಲು ಹತ್ತಿ ಬಂದ ಕೂಡಲೇ ಕಾಣುವ ನೀಲಿ ಹಸಿರು ಬಿಲ್ಲೆಗಳ ಬೃಹತ್ ಗುಮ್ಮಟ ಮಸೀದಿಯದಲ್ಲ, ಮಾರುಕಟ್ಟೆಯದು. ಸಂತೆ ಇಲ್ಲಿ ಶತಮಾನಗಳಿಂದ ಇದೆ, ಗುಮ್ಮಟ ಬಂದದ್ದು ಮಾತ್ರ 1980ರ ಹೊತ್ತಿಗೆ. ಒಳಗೆ ನಡುವೆ ಒಂದೂ ಕಂಬವಿಲ್ಲ.

ಒಂದು ಎಚ್ಚರಿಕೆ. ಕೆಳಗಿನ ಅಂತಸ್ತಿನಲ್ಲಿ ಮಾಂಸದ್ದೇ ರಾಜ್ಯ, ಕುದುರೆ ಮಾಂಸವೂ ಸೇರಿ. ಅದರ ವಾಸನೆ ಆಗದವರು ನೇರ ಮೇಲಿನ ಸುತ್ತಿಗೆ ಹೋಗಿಬಿಡಿ. ಒಣ ಏಪ್ರಿಕಾಟ್, ದ್ರಾಕ್ಷಿ, ಬಾದಾಮಿ, ಅಕ್ರೋಟುಗಳ ರಾಶಿ ಅಲ್ಲಿ. ಕಟಾಂಜನಕ್ಕೆ ಒರಗಿ ನಿಂತರೆ ಇಡೀ ಮಾರುಕಟ್ಟೆ ತಟ್ಟೆಯಲ್ಲಿಟ್ಟ ಹಾಗೆ ಕೆಳಗೆ ಕಾಣುತ್ತದೆ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಳವನ್ನು ಮೇಲಿನಿಂದ ನೋಡಿದವರಿಗೆ ಆ ಖುಷಿ ಗೊತ್ತು.

ರುಚಿ ನೋಡಲು ವ್ಯಾಪಾರಿಗಳೇ ಕೈಗಿಡುತ್ತಾರೆ. ಒಂದೆರಡು ಕಾಳು ತಿಂದು ರಹ್ಮತ್ ಹೇಳಿ ಮುಂದೆ ಹೋದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಆರು ಅಂಗಡಿಯಲ್ಲಿ ತಿಂದು ಊಟ ಮುಗಿಸುವ ಜಾಣತನ ಬೇಡ. ನವ್ವೋತ್ ಎಂಬ ಹರಳು ನೋಡಿ, ನಮ್ಮ ಕಲ್ಲುಸಕ್ಕರೆಯೇ. ಅವರಲ್ಲಿ ಚಹಾದ ಜೊತೆ ಕಚ್ಚಿಕೊಳ್ಳಲು ದಪ್ಪ ತುಂಡುಗಳಾಗಿ ಸಿಗುತ್ತದೆ. ಬಿಳಿ ಗೋಲಿಗಳಂತೆ ಕಾಣುವುದು ಕುರ್ತ್, ಮೊಸರು ಬಸಿದು ಉಪ್ಪು ಹಾಕಿ ಒಣಗಿಸಿದ್ದು. ಸಿಹಿ ಎಂದುಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ನಿಮ್ಮ ಮುಖ ನೋಡಿ ಅಂಗಡಿಯವಳು ನಗುವುದು ಖಾತ್ರಿ.

ಗುಮ್ಮಟದಿಂದ ಹೊರಬಂದು ರೊಟ್ಟಿ ಸುಡುವ ಸಾಲನ್ನು ಹುಡುಕಿ. ವಾಸನೆಯೇ ದಾರಿ ತೋರಿಸುತ್ತದೆ. ದುಂಡಗಿನ ನೋನ್ ರೊಟ್ಟಿಯ ನಡುವೆ ಚೆಕಿಚ್ ಎಂಬ ಮುಳ್ಳಿನ ಅಚ್ಚನ್ನು ಒತ್ತಿ, ತಂದೂರಿನ ಒಳಗೋಡೆಗೆ ಬಡಿಯುತ್ತಾರೆ. ಒತ್ತಿದ ಕಡೆ ಉಬ್ಬದೆ ಅಂಚು ಮಾತ್ರ ಉಬ್ಬುತ್ತದೆ. ನಿಂತು ನೋಡಲು ದುಡ್ಡಿಲ್ಲ, ಬಿಸಿ ರೊಟ್ಟಿಗೆ ಕೊಡಬೇಕಾದದ್ದೂ ಹೆಚ್ಚೇನಲ್ಲ. ರೊಟ್ಟಿಯನ್ನು ಅವರು ಬೋರಲಾಗಿ ಇಡುವುದಿಲ್ಲ, ನೆಲದ ಮೇಲೂ ಇಡುವುದಿಲ್ಲ. ನೀವೂ ಇಡಬೇಡಿ.

ಸಸ್ಯಾಹಾರಿಗಳಿಗೆ ಮಧ್ಯಾಹ್ನದ ಊಟ ಇಲ್ಲೇ ಆಗಲಿ. ರೊಟ್ಟಿ, ಟೊಮೆಟೊ ಈರುಳ್ಳಿಯ ಅಚ್ಚಿಚುಕ್, ಹಣ್ಣು, ಸಿಕ್ಕರೆ ಕುಂಬಳಕಾಯಿ ಹೂರಣದ ಸೋಮ್ಸಾ. ಕೇಳುವಾಗ "ಗೋಷ್ಟ್‌ಸಿಜ್", ಮಾಂಸವಿಲ್ಲದ್ದು, ಎಂದು ಹೇಳಿ. ಹೇಳಿದ ಮೇಲೂ ಮುರಿದು ನೋಡಿಯೇ ತಿನ್ನಿ. ಕೊಬ್ಬನ್ನು ಮಾಂಸವೆಂದು ಲೆಕ್ಕಕ್ಕೆ ಹಿಡಿಯದವರೂ ಇದ್ದಾರೆ.

ಬಜಾರಿನ ಪಕ್ಕದ ದಿಬ್ಬದ ಮೇಲೆ ಹದಿನಾರನೇ ಶತಮಾನದ ಕುಕೆಲ್ದಾಶ್ ಮದರಸಾ ಇದೆ. ಎದುರುಗೋಡೆಯ ಬಿಲ್ಲೆಗೆಲಸ ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಹಿಂದೆಯೇ ಬಿಳಿ ಗುಮ್ಮಟಗಳ ಜುಮಾ ಮಸೀದಿ.

ಹಂತ 3: ಹಳೆಯ ಓಣಿಗಳ ಮೂಲಕ ಹಜರತಿ ಇಮಾಮ್

ಚೋರ್ಸುವಿನಿಂದ ಇಲ್ಲಿಗೆ ಒಂದೂವರೆ ಕಿಲೋಮೀಟರ್. ಟ್ಯಾಕ್ಸಿ ಬೇಡ. ಭೂಕಂಪದಿಂದ ಉಳಿದ ತಾಷ್ಕೆಂಟಿನ ಸ್ವಲ್ಪವಾದರೂ ಕಾಣುವುದು ಈ ನಡಿಗೆಯಲ್ಲೇ. ಓಣಿಗಳಲ್ಲಿ ಮನೆಗಳು ಬೀದಿಗೆ ಬೆನ್ನು ಮಾಡಿವೆ. ಹೊರಗೆ ಕಿಟಕಿಯಿಲ್ಲದ ಮಣ್ಣಿನ ಬಣ್ಣದ ಗೋಡೆ, ಒಂದು ಮರದ ಬಾಗಿಲು. ಬಾಗಿಲು ತೆರೆದಾಗ ಮಾತ್ರ ಒಳಗಿನ ಅಂಗಳ, ದ್ರಾಕ್ಷಿ ಚಪ್ಪರ ಕಣ್ಣಿಗೆ ಬೀಳುತ್ತದೆ. ನಮ್ಮ ತೊಟ್ಟಿಮನೆಯ ಬುದ್ಧಿಯೇ ಅದು. ಇಣುಕಿ ಫೋಟೋ ತೆಗೆಯುವ ಮೊದಲು ಕೇಳಿ. ಕೇಳಿದರೆ ಒಳಗೆ ಕರೆದು ಚಹಾ ಕೊಟ್ಟಾರು.

ಹಜರತಿ ಇಮಾಮ್ ಸಂಕೀರ್ಣದ ಅಂಗಳ ವಿಶಾಲ, ಎಲ್ಲರಿಗೂ ತೆರೆದದ್ದು. ಒಂದು ಕಡೆ ಹದಿನಾರನೇ ಶತಮಾನದ ಬರಾಕ್ ಖಾನ್ ಮದರಸಾ. ಅದರ ಕೋಣೆಗಳಲ್ಲಿ ಈಗ ಕರಕುಶಲ ಅಂಗಡಿಗಳಿವೆ, ಕುಸುರಿ ಕೆಲಸ ಮಾಡುವುದನ್ನು ನಿಂತು ನೋಡಬಹುದು. ಸ್ವಲ್ಪ ಆಚೆಗೆ ಹತ್ತನೇ ಶತಮಾನದ ವಿದ್ವಾಂಸ ಕಫ್ಫಾಲ್ ಶಾಶಿಯ ಸಮಾಧಿ. ಪುರಾತನ ಕುರಾನ್ ಹಸ್ತಪ್ರತಿ ನೋಡಬೇಕೆಂದರೆ ಟಿಕೆಟ್ ಬೇರೆ. ಅದು ಈ ಮಾರ್ಗದರ್ಶಿಯ ಲೆಕ್ಕಕ್ಕೆ ಹೊರಗು.

ಎರಡು ಎತ್ತರದ ಮಿನಾರುಗಳಿರುವ ದೊಡ್ಡ ಮಸೀದಿ ಹಳೆಯದಲ್ಲ, 2007ರದು. ಅದರ ಮುಂದಿನ ಮೊಗಸಾಲೆಯಲ್ಲಿ ಕೆತ್ತನೆಯ ಇಪ್ಪತ್ತು ಮರದ ಕಂಬಗಳಿವೆ. ಅವು ಭಾರತದಿಂದ ತಂದ ಶ್ರೀಗಂಧ ಎಂದು ಅಲ್ಲಿಯವರು ಹೇಳುತ್ತಾರೆ. ಗಂಧದ ನಾಡಿನವರು ಇಷ್ಟು ಕೇಳಿಕೊಂಡು ಸುಮ್ಮನೆ ಹೋಗುವುದುಂಟೇ? ಹತ್ತಿರ ಹೋಗಿ ಮೂಗು ತಾಗಿಸಿ ನೋಡಿ. ಅಷ್ಟು ದಪ್ಪದ ಗಂಧದ ಮರ ನಾವಾದರೂ ಎಲ್ಲಿ ಕಂಡಿದ್ದೇವೆ ಎಂಬ ಅನುಮಾನವನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕೆತ್ತನೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಷ್ಟು ಚೆಂದ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತನ್ನು ಬಿಟ್ಟು ಬನ್ನಿ.

ಹಂತ 4: ಸಂಜೆಗೆ ಒಂದು ಕುಟುಂಬ

ಕೆಂಪು ಗೆರೆಯ ಖಲ್ಕ್‌ಲಾರ್ ದೋಸ್ತ್‌ಲಿಗಿ ನಿಲ್ದಾಣದಲ್ಲಿ ಇಳಿಯಿರಿ. ಜನಗಳ ದೋಸ್ತಿ ಎಂದು ಅರ್ಥ. ಅದೇ ಹೆಸರಿನ ಸೋವಿಯತ್ ಕಾಲದ ದೊಡ್ಡ ಸಭಾಂಗಣ ಅಲ್ಲಿದೆ, ಅದರ ಎದುರಿನ ಚೌಕದಲ್ಲಿ ಗಂಡ ಹೆಂಡತಿ ಮತ್ತು ಮಕ್ಕಳ ಗುಂಪಿನ ಕಂಚಿನ ಶಿಲ್ಪ. ಇದು ಕಮ್ಮಾರ ಶೋಅಹ್ಮದ್ ಶೋಮಹ್ಮುದೋವ್ ಮತ್ತು ಬಹ್ರಿ ದಂಪತಿಯ ಕಥೆ. ಎರಡನೇ ಮಹಾಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ರೈಲುಗಳಲ್ಲಿ ತುಂಬಿ ತಾಷ್ಕೆಂಟಿಗೆ ಕಳಿಸುತ್ತಿದ್ದರು. ಈ ಇಬ್ಬರು ಬೇರೆ ಬೇರೆ ಜನಾಂಗದ ಹದಿನೈದು ಮಕ್ಕಳನ್ನು ಮನೆಗೆ ಕರೆತಂದು ಸಾಕಿದರು. 1982ರ ಈ ಶಿಲ್ಪವನ್ನು 2008ರಲ್ಲಿ ಇಲ್ಲಿಂದ ಎತ್ತಿ ಊರ ಹೊರವಲಯಕ್ಕೆ ಸಾಗಿಸಿದ್ದರು, ಸುಮಾರು ಹತ್ತು ವರ್ಷದ ಬಳಿಕ ಮರಳಿ ತಂದರು. ಸರ್ಕಾರ ಬದಲಾದಾಗ ಪ್ರತಿಮೆಗಳ ವಿಳಾಸವೂ ಬದಲಾಗುವುದು ಈ ಊರಿನಲ್ಲಿ ಹೊಸದೇನಲ್ಲ, ನಾಳೆ ಇನ್ನೂ ನೋಡುವಿರಿ.

ಪಕ್ಕದಲ್ಲೇ ಮ್ಯಾಜಿಕ್ ಸಿಟಿ ಎಂಬ ಹೊಸ ಉದ್ಯಾನವಿದೆ. ಕಾಗಕ್ಕ ಗುಬ್ಬಕ್ಕ ಕಥೆಗೆ ಯುರೋಪಿನ ಕೋಟೆ ಕಟ್ಟಿದಂತಿದೆ ಎಂದು ನನಗನಿಸಿತು. ಮಕ್ಕಳಿದ್ದರೆ ಹೋಗಿ, ಒಳಗೆ ಬರಲು ದುಡ್ಡಿಲ್ಲ, ಆಟಗಳಿಗೆ ಇದೆ. ಮಕ್ಕಳಿಲ್ಲದವರು ತಾಷ್ಕೆಂಟ್ ಸಿಟಿ ಪಾರ್ಕಿಗೆ ಹೋಗಿ, ಬೇಸಿಗೆಯ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಹಾಡಿಗೆ ತಕ್ಕಂತೆ ಕುಣಿಯುವ ಕಾರಂಜಿ ಇದೆ. ನಮ್ಮ ಬೃಂದಾವನದ ಕಾರಂಜಿ ನೋಡಿ ಬೆಳೆದವರು ಬೆರಗಾಗಬೇಕಿಲ್ಲ. ಆದರೆ ಬೆಂಚಿನ ಮೇಲೆ ಕೂತು, ಐಸ್‌ಕ್ರೀಮ್ ಹಿಡಿದು ಸುತ್ತುವ ಮನೆಮಂದಿಯನ್ನು ನೋಡುವುದು ನನಗಂತೂ ಇಷ್ಟ.

ಹಂತ 5: ಎರಡನೆಯ ದಿನ, ಉತ್ತರದಿಂದ ಶುರು

ಹಸಿರು ಗೆರೆಯಲ್ಲಿ ಮಿನೋರ್ ನಿಲ್ದಾಣಕ್ಕೆ ಬೇಗ ಹೋಗಿ. ಅಂಖೋರ್ ಕಾಲುವೆಯ ದಂಡೆಯಲ್ಲಿರುವ ಬಿಳಿ ಅಮೃತಶಿಲೆಯ ಮಿನೋರ್ ಮಸೀದಿ 2014ರದು. ಬೆಳಗಿನ ಎಳೆಬಿಸಿಲಲ್ಲೇ ನೋಡಬೇಕು, ಮಧ್ಯಾಹ್ನ ಆ ಬಿಳುಪು ಕಣ್ಣಿಗೆ ಹೊಡೆಯುತ್ತದೆ. ಪ್ರಾರ್ಥನೆಯ ಹೊತ್ತಲ್ಲದಿದ್ದರೆ ಬೇರೆ ಧರ್ಮದವರೂ ಒಳಗೆ ಹೋಗಬಹುದು. ಪಾದರಕ್ಷೆ ಹೊರಗೆ, ತಲೆಯ ಮೇಲೆ ಸೆರಗು.

ಇನ್ನೂ ಉತ್ತರಕ್ಕೆ ಹೋದರೆ 375 ಮೀಟರ್ ಎತ್ತರದ ಟಿವಿ ಗೋಪುರ. ಹತ್ತಲು ಟಿಕೆಟ್ ಬೇಕು, ಕೆಳಗಿನಿಂದ ನೋಡಲು ಬೇಡ. ಹತ್ತಿರದಲ್ಲೇ ಕಾಲುವೆ ಪಕ್ಕ ಶಹೀದ್‌ಲಾರ್ ಖೋತಿರಸಿ ಎಂಬ ಸ್ಮಾರಕ ಉದ್ಯಾನ. ರಷ್ಯಾದ ಜಾರ್ ದೊರೆಗಳ ಕಾಲದಿಂದ ಸ್ಟಾಲಿನ್ ಕಾಲದವರೆಗೆ ದಬ್ಬಾಳಿಕೆಗೆ ಬಲಿಯಾದವರ ನೆನಪಿಗೆ ಕಟ್ಟಿದ್ದು. ಕಂಬಗಳ ಮೇಲೆ ನಿಂತ ನೀಲಿ ಗುಮ್ಮಟದ ಕೆಳಗೆ ಒಂದು ಸಮಾಧಿಕಲ್ಲು. ಪ್ರವಾಸಿಗಳು ಅಷ್ಟಾಗಿ ಬರುವುದಿಲ್ಲ, ಮದುವೆಯ ಜೋಡಿಗಳು ಫೋಟೋಗೆ ಬರುತ್ತವೆ.

ಹನ್ನೊಂದರ ಹೊತ್ತಿಗೆ ಗೋಪುರದ ಬಳಿಯ ಪ್ಲೋವ್ ಸೆಂಟರಿಗೆ ಹೋಗಿ. ಅಂಗಳದಲ್ಲಿ ಜಾತ್ರೆಯ ದಾಸೋಹದ ಕೊಪ್ಪರಿಗೆಗಳಂಥ ಕಜಾನ್‌ಗಳಲ್ಲಿ ಅಕ್ಕಿ, ಹಳದಿ ಗಜ್ಜರಿ, ಮಾಂಸ ಬೇಯುತ್ತಿರುತ್ತದೆ. ಅಡುಗೆಯವರು ಸಲಿಕೆಯಷ್ಟು ದೊಡ್ಡ ಸೌಟು ಹಿಡಿದು ತಿರುವುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು, ಯಾರೂ ಊಟ ಮಾಡಲೇಬೇಕೆಂದು ಬಲವಂತ ಮಾಡುವುದಿಲ್ಲ. ತಿನ್ನುವವರಾದರೆ ಆಗಲೇ ತಿಂದುಬಿಡಿ. ಮಧ್ಯಾಹ್ನ ಕಳೆದರೆ ಕೊಪ್ಪರಿಗೆ ಬರಿದು.

ಹಂತ 6: ಬಿರುಕು

ಹಸಿರು ಗೆರೆಯಲ್ಲೇ ದಕ್ಷಿಣಕ್ಕೆ ಬಂದು ಅಬ್ದುಲ್ಲಾ ಕೊದಿರಿಯಲ್ಲಿ ಇಳಿದು, ನಕ್ಷೆ ನೋಡಿಕೊಂಡು ಭೂಕಂಪದ ಸ್ಮಾರಕಕ್ಕೆ ನಡೆಯಿರಿ. ಧೈರ್ಯದ ಸ್ಮಾರಕ ಎಂದು ಅದರ ಹೆಸರು. ಎರಡು ದಿನದಲ್ಲಿ ಒಂದೇ ಜಾಗ ನೋಡಲು ಪುರುಸೊತ್ತಿದ್ದರೆ ಇದನ್ನು ನೋಡಿ ಎನ್ನುತ್ತೇನೆ.

ನೆಲದ ಮೇಲೆ ಕಪ್ಪು ಕಲ್ಲಿನ ಒಂದು ಘನ, ನಡುವೆ ಸೀಳಿದೆ. ಒಂದು ಹೋಳಿನ ಮೇಲೆ ತಾರೀಖು, ಇನ್ನೊಂದರ ಮೇಲೆ ಗಡಿಯಾರ, ಮುಳ್ಳುಗಳು ಬೆಳಗಿನ 5.23ರ ಸುಮಾರಿಗೆ ನಿಂತಿವೆ. ಆ ಸೀಳು ಕಲ್ಲಿಗೇ ನಿಲ್ಲದೆ ನೆಲದಲ್ಲಿ ಅಂಕುಡೊಂಕಾಗಿ ಹರಿದು ಎದುರಿನ ಕಂಚಿನ ಪೀಠದವರೆಗೆ ಹೋಗುತ್ತದೆ. ಅಲ್ಲಿ ಮಗುವನ್ನು ಎದೆಗವಚಿಕೊಂಡ ಹೆಂಗಸು, ಅವಳಿಗೆ ಅಡ್ಡ ನಿಂತು ಕೈಚಾಚಿದ ಗಂಡಸು. ನೀವು ನಡೆದು ಹೋಗಬೇಕಾದದ್ದು ಆ ಬಿರುಕಿನ ಮೇಲೇ. ಕಂಪನದ ಅಳತೆ 5ಕ್ಕೆ ಸ್ವಲ್ಪ ಮೇಲೆ, ಕೇಳಲು ದೊಡ್ಡದಲ್ಲ. ಆದರೆ ಕೇಂದ್ರ ಊರಿನ ನಡುವಿನ ಬಡಾವಣೆಗಳ ಕೆಳಗೇ, ಹೆಚ್ಚು ಆಳವೂ ಇಲ್ಲದೆ ಇತ್ತು. ಮನೆಗಳು ಹಸಿ ಇಟ್ಟಿಗೆಯವು. ಸ್ಮಾರಕ 1976ರಲ್ಲಿ ಆಯಿತು.

ಸುತ್ತಲಿನ ಅಪಾರ್ಟ್‌ಮೆಂಟುಗಳನ್ನೂ ಗಮನಿಸಿ. ಭೂಕಂಪದ ನಂತರ ಸಾಲುಸಾಲಾಗಿ ಎದ್ದ ಕಾಂಕ್ರೀಟ್ ಕಟ್ಟಡಗಳ ಬೋಳು ಪಕ್ಕಗೋಡೆಗಳ ಮೇಲೆ ಅಂತಸ್ತುಗಟ್ಟಲೆ ಎತ್ತರದ ಬಿಲ್ಲೆಚಿತ್ರಗಳಿವೆ. ಹಲವನ್ನು ಮಾಡಿದವರು ಜಾರ್ಸ್ಕಿ ಸೋದರರು. ನಕ್ಷತ್ರ, ದಾಳಿಂಬೆ, ವಾದ್ಯ ನುಡಿಸುವವರು, ಏನೇನೋ. ಚಿಲೋನ್‌ಜೋರ್ ಬಡಾವಣೆಯಲ್ಲಿ ಇನ್ನೂ ಹೆಚ್ಚು. ಇವನ್ನು ಹುಡುಕುತ್ತ ತಿರುಗುವುದೇ ಒಂದು ಮಧ್ಯಾಹ್ನದ ಕೆಲಸ.

ಹಂತ 7: ನಡುವೂರು

ಸ್ಮಾರಕದಿಂದ ದಕ್ಷಿಣಕ್ಕೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಮುಸ್ತಕಿಲ್ಲಿಕ್ ಮೈದಾನ, ಸ್ವಾತಂತ್ರ್ಯ ಚೌಕ. ಹಿಂದೆ ಇಲ್ಲಿ ಭಾರೀ ಲೆನಿನ್ ನಿಂತಿದ್ದ. ಸ್ವಾತಂತ್ರ್ಯ ಬಂದ ಮೇಲೆ ಅವನನ್ನು ಇಳಿಸಿ, ಉಜ್ಬೇಕಿಸ್ತಾನದ ಗಡಿರೇಖೆ ಮಾತ್ರ ಎದ್ದು ಕಾಣುವ ಭೂಗೋಲವೊಂದನ್ನು ಏರಿಸಿದರು. ಬಿಳಿ ಕಂಬಗಳ ಕಮಾನಿನ ಮೇಲೆ ಕೊಕ್ಕರೆಗಳು ಹಾರುತ್ತಿವೆ. ಇಷ್ಟು ನೋಡಿ ವಾಪಸಾಗದೆ ಮುಂದೆ ನಡೆದು, ಮಗನಿಗಾಗಿ ಕಾಯುತ್ತ ತಲೆತಗ್ಗಿಸಿ ಕೂತ ತಾಯಿಯ ಪ್ರತಿಮೆಯವರೆಗೆ ಹೋಗಿ. ಅವಳೆದುರು ಆರದ ಜ್ವಾಲೆ. ಎರಡೂ ಬದಿಯ ಮರದ ಕಂಬಗಳ ಮೊಗಸಾಲೆಗಳಲ್ಲಿ ಗೋಡೆಗೆ ಜೋಡಿಸಿದ ಲೋಹದ ಪುಟಗಳಿವೆ, ಪುಸ್ತಕದಂತೆ ಮಗುಚಬಹುದು. ಯುದ್ಧದಿಂದ ಮರಳದ ಉಜ್ಬೇಕ್ ಸೈನಿಕರ ಹೆಸರುಗಳು ಪ್ರಾಂತ್ಯವಾರು, ಊರುವಾರು ಕೆತ್ತಿವೆ. ಹೆಸರುಗಳ ಸಂಖ್ಯೆ ಸುಮಾರು ನಾಲ್ಕು ಲಕ್ಷ.

ಚೌಕದ ಸುತ್ತ ಸರ್ಕಾರಿ ಕಟ್ಟಡಗಳಿವೆ. ಕಾವಲಿನವರು ಫೋಟೋ ಬೇಡ ಎಂದರೆ ವಾದಕ್ಕಿಳಿಯಬೇಡಿ.

ಅಲ್ಲಿಂದ ಪೂರ್ವಕ್ಕೆ ಸೈಲ್‌ಗೋಹ್ ಬೀದಿ, ಊರಿನವರ ಬಾಯಲ್ಲಿ ಬ್ರಾಡ್‌ವೇ. ಚಿತ್ರ ಮಾರುವವರು, ಮುಖ ನೋಡಿ ಚಿತ್ರ ಬರೆಯುವವರು ಸಿಗುತ್ತಾರೆ. ಬೀದಿ ಮುಗಿಯುವಲ್ಲಿ ಕುದುರೆಯೇರಿದ ಅಮೀರ್ ತೈಮೂರ್. ಇಲ್ಲೇ ಮೊದಲು ರಷ್ಯಾದ ಗವರ್ನರ್ ಜನರಲ್‌ನ ಸ್ಮಾರಕವಿತ್ತು, ಆಮೇಲೆ ಸ್ಟಾಲಿನ್, ಆಮೇಲೆ ಕಾರ್ಲ್ ಮಾರ್ಕ್ಸ್, 1993ರಿಂದ ತೈಮೂರ್. 1398ರಲ್ಲಿ ದಿಲ್ಲಿಯನ್ನು ಸೂರೆ ಮಾಡಿದ ತೈಮೂರ್ ಇವನೇ. ಇಲ್ಲಿ ಅವನು ರಾಷ್ಟ್ರಪುರುಷ. ಹಿಂದೆ ಬಿಚ್ಚಿಟ್ಟ ಪುಸ್ತಕದಂತೆ ಬಾಗಿ ನಿಂತದ್ದು 1974ರ ಹೋಟೆಲ್ ಉಜ್ಬೆಕಿಸ್ತೋನ್, ಕಾಂಕ್ರೀಟ್ ಜಾಲಂಧ್ರದ ಸೋವಿಯತ್ ಕಟ್ಟಡ. ಕೆಲವರಿಗೆ ವಿಕಾರ, ನನಗೆ ಇಷ್ಟ.

ಬೆಳಕಿರುವಾಗಲೇ ನವೋಯಿ ರಂಗಮಂದಿರದ ಮುಂದಿನ ಕಾರಂಜಿಯ ಕಟ್ಟೆಗೆ ಬಂದು ಕೂರಿ. ಮಾಸ್ಕೋದ ಲೆನಿನ್ ಸಮಾಧಿಯನ್ನು ರೂಪಿಸಿದ ಅಲೆಕ್ಸಿ ಶ್ಚೂಸೆವ್ ಇದಕ್ಕೂ ನಕ್ಷೆ ಹಾಕಿದ್ದು, 1947ರಲ್ಲಿ ತೆರೆಯಿತು. ಕಟ್ಟಿದವರಲ್ಲಿ ಜಪಾನಿನ ಯುದ್ಧಕೈದಿಗಳಿದ್ದರು ಎಂದು ಪಕ್ಕಗೋಡೆಯ ಫಲಕ ಹೇಳುತ್ತದೆ, ಜಪಾನಿ ಭಾಷೆಯಲ್ಲೂ. 1966ರಲ್ಲಿ ಸುತ್ತಲಿನ ಮನೆಗಳು ಬಿದ್ದಾಗ ಇದು ಅಲುಗಲಿಲ್ಲ. ಊರಿಗೆ ಮರಳಲಾಗದೆ ಇಲ್ಲೇ ಸತ್ತ ಎಪ್ಪತ್ತೊಂಬತ್ತು ಜಪಾನಿಯರ ಗೋರಿಗಳು ಯಕ್ಕಸರಾಯ್ ಸ್ಮಶಾನದಲ್ಲಿವೆ, ಅಲ್ಲಿಗೂ ಹೋಗಬಹುದು.

ಹಂತ 8: ಶಾಸ್ತ್ರಿಯವರು

ಇದಕ್ಕೆ ಟ್ಯಾಕ್ಸಿಯೇ ಸರಿ. ಆಪ್‌ನಲ್ಲಿ ಶಾಸ್ತ್ರಿ ಎಂದು ಬರೆದರೆ ಬೀದಿ ಸಿಗುತ್ತದೆ, ಅವರ ಹೆಸರಿನದೇ ಬೀದಿ. ಅಲ್ಲಿ ಮರಗಳ ನಡುವೆ ಅವರ ಎದೆಮಟ್ಟದ ಪ್ರತಿಮೆ. ಕಾವಲಿಲ್ಲ, ಕೌಂಟರಿಲ್ಲ, ಬೀದಿಯಲ್ಲಿ ಹೋಗುವ ಮಕ್ಕಳು ತಿರುಗಿಯೂ ನೋಡುವುದಿಲ್ಲ. ಆಲಮಟ್ಟಿಯ ಹಿನ್ನೀರನ್ನು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂದು ಕರೆಯುವ ಬಾಗಲಕೋಟೆ, ವಿಜಯಪುರದವರಿಗೆ ಆ ಮುಖ ಇನ್ನೂ ಹತ್ತಿರದ್ದು ಅನಿಸೀತು.

ಹೂವು ಇಡಬೇಕೆನಿಸಿದರೆ ದಾರಿಯಲ್ಲೇ ಕೊಂಡುಕೊಳ್ಳಿ, ಎರಡು ದಿನದಲ್ಲಿ ಮನಸ್ಸಿಟ್ಟು ಖರ್ಚು ಮಾಡುವುದು ಇದೊಂದಕ್ಕೇ ಇರಲಿ. ಹಾರ ಸಿಗುವುದಿಲ್ಲ. ಕೆಂಪು ಕಾರ್ನೇಷನ್ ಸಿಗುತ್ತದೆ, ಬಿಡಿಬಿಡಿಯಾಗಿ ಎಣಿಸಿ ಕೊಡುತ್ತಾರೆ. ಸೋವಿಯತ್ ಕಾಲದಿಂದ ಉಳಿದ ರೂಢಿಯೊಂದಿದೆ. ಬದುಕಿರುವವರಿಗೆ ಕೊಡುವ ಹೂವು ಬೆಸ ಸಂಖ್ಯೆಯಲ್ಲಿ, ಸತ್ತವರಿಗೆ ಸಮ ಸಂಖ್ಯೆಯಲ್ಲಿ. ಹಾಗಾಗಿ ಐದು ಬೇಡ, ನಾಲ್ಕೋ ಆರೋ ಕೇಳಿ. ಎಣಿಕೆ ಕೇಳಿದ ಕೂಡಲೇ ಹೂವಿನವಳಿಗೆ ಎಲ್ಲಿಗೆಂದು ಗೊತ್ತಾಗುತ್ತದೆ. ಆಮೇಲೆ ಅವಳು ಬಣ್ಣದ ಕಾಗದ ಸುತ್ತಲು ಹೋಗುವುದಿಲ್ಲ.